ನಾಯಿಯ ಕೆಳಗೆ ಹಾಸಿದ ರಟ್ಟು

ನೆಲದ ಮೇಲೆ ಎಲ್ಲಾದರೂ ಒಂದು ಹನಿ ಕಂಡರೆ ಸಾಕು, ನನ್ನ ಕಾಲು ಅಲ್ಲೇ ನಿಂತುಬಿಡುತ್ತದೆ. ಮೊನ್ನೆ ಷಡ್ಡಕನ ಮಗಳ ಮದುವೆಯಲ್ಲಿ ಊಟದ ಮನೆಯ ಬಾಗಿಲ ಹತ್ತಿರ ಕಂದು ಬಣ್ಣದ ಎರಡು ಹನಿ ಬಿದ್ದಿದ್ದವು. ಹಿಂದಿನಿಂದ ಜನ ತಳ್ಳುತ್ತಿದ್ದರೂ ನಾನು ಕುಕ್ಕರುಗಾಲಲ್ಲಿ ಕೂತೆ. ಬೆರಳಿಗೆ ಹಚ್ಚಿಕೊಂಡು, ಹೆಬ್ಬೆರಳಿಂದ ಉಜ್ಜಿ, ಮೂಗಿಗೆ ಹಿಡಿದು ನೋಡಿದೆ. ಗೇರ್ ಆಯಿಲ್ ಅಲ್ಲ, ಬೆಲ್ಲದ ಪಾಯಸ. ಎದ್ದು ನೋಡಿದರೆ ನನ್ನ ಹೆಂಡತಿ ಗಿರಿಜ, ನಾನು ಯಾರೋ ಬೇರೆಯವರ ಗಂಡ ಅನ್ನೋ ಹಾಗೆ ಮುಖ ತಿರುಗಿಸಿಕೊಂಡು ನಿಂತಿದ್ದಳು.

ಏನು ಮಾಡಲಿ, ಮೂವತ್ತು ವರ್ಷ ಹನಿ ನೋಡಿಯೇ ಅನ್ನ ತಿಂದವನು. ಭದ್ರಾವತಿಯಲ್ಲಿ ನನ್ನದೊಂದು ಶೆಡ್ಡಿತ್ತು, ಡೀಸೆಲ್ ಗಾಡಿಗಳ ರಿಪೇರಿಯದು. ಗಾಡಿ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗದಿದ್ದರೆ ಸಂಜೆ ಅದರ ಕೆಳಗೆ ಒಂದು ರಟ್ಟು ಹಾಸಿ ಮನೆಗೆ ಹೋಗೋದು. ಬೆಳಿಗ್ಗೆ ರಟ್ಟೇ ಎಲ್ಲ ಹೇಳುತ್ತದೆ. ಕಪ್ಪಗಿದ್ದರೆ ಇಂಜಿನ್ನು, ದಪ್ಪಗೆ ವಾಸನೆ ಹೊಡೆದರೆ ಗೇರ್ ಬಾಕ್ಸು, ತೆಳ್ಳಗೆ ಹರಡಿದ್ದರೆ ಡೀಸೆಲ್ಲು. ಓದಿದ ಇಂಜಿನಿಯರುಗಳು ಪುಸ್ತಕ ತೆಗೆಯೋ ಹೊತ್ತಿಗೆ ನಾನು ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಪ್ಪ ಕಾರ್ಖಾನೆಯಲ್ಲಿ ಕುಲುಮೆ ಕೆಲಸ, ನಾವು ಐದು ಜನ ಮಕ್ಕಳು, ಅಷ್ಟು ಹೇಳಿದರೆ ನಿಮಗೆ ಅರ್ಥವಾಗುತ್ತದೆ. ಬಿಟ್ಟದ್ದಕ್ಕೆ ದುಃಖವಿಲ್ಲ, ಒಂದು ವಿಷಯ ಬಿಟ್ಟರೆ. ನಮ್ಮ ಸ್ಕೂಲಿನ ಹೆಡ್‌ಮಾಸ್ಟರ ರೂಮಿನಲ್ಲಿ ಗಾಜಿನ ಬೀರುವಿನೊಳಗೆ ಒಂದು ಸೂಕ್ಷ್ಮದರ್ಶಕ ಇತ್ತು. ಹಿತ್ತಾಳೆಯ ತಿರುಗಣೆ, ಕಪ್ಪು ಕೊಳವೆ. ಅದನ್ನು ಎಂಟನೇ ಕ್ಲಾಸಿನವರಿಗೆ ಮಾತ್ರ ತೋರಿಸುತ್ತಿದ್ದರು. ಬೀರುವಿನ ಗಾಜಿಗೆ ಮೂಗು ಒತ್ತಿ ಎಷ್ಟು ಸಲ ನಿಂತಿದ್ದೆನೋ. ನಾನು ಎಂಟಕ್ಕೆ ಹೋಗಲೇ ಇಲ್ಲ.

ಸ್ಕೂಲಿನಲ್ಲಿ ಕಲಿಯದೆ ಬೀದಿಯಲ್ಲಿ ಕಲಿತದ್ದು ಇನ್ನೊಂದಿದೆ, ಅದು ನಾಚಿಕೆ. ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ನಾಯಿಗಳು ಜೊತೆಯಾಗಿ, ಬಿಡಿಸಿಕೊಳ್ಳಲಾಗದೆ ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಮುಖ ಮಾಡಿ ನಿಂತಿರುತ್ತಿದ್ದವು. ಅವು ಯಾಕೆ ಹಾಗೆ ನಿಲ್ಲುತ್ತವೆ ಅಂತ ತಿಳಿಯೋ ಆಸೆ ನಮಗೆಲ್ಲ. ಅಷ್ಟರಲ್ಲಿ ತಮಿಳು ಮನೆಯ ಅಜ್ಜಿ ಒಂದು ಬಿಂದಿಗೆ ನೀರು ಎರಚುತ್ತಿತ್ತು, ಪಕ್ಕದ ತೆಲುಗಿನವರು ಗದರುತ್ತಿದ್ದರು, ಅಮ್ಮ ಒಳಗಿಂದ ಕೂಗುತ್ತಿದ್ದಳು, ಅಪ್ಪ ಬೆನ್ನಿಗೆ ಒಂದು ಬಿಡುತ್ತಿದ್ದ. ಮೂರು ಭಾಷೆಯಲ್ಲಿ ಬೈಗುಳ ಸಿಕ್ಕವು, ಒಂದರಲ್ಲೂ ಉತ್ತರ ಸಿಗಲಿಲ್ಲ. ಆ ಜಾಗದ ಕಡೆ ನೋಡಬಾರದು ಅನ್ನೋದು ಮಾತ್ರ ಗಟ್ಟಿಯಾಗಿ ಉಳಿಯಿತು. ಎಷ್ಟು ಗಟ್ಟಿ ಅಂದರೆ ನನ್ನದೇ ನಾಯಿ ಸಾಯೋ ಸ್ಥಿತಿಗೆ ಬರೋವರೆಗೆ ನೋಡಲಿಲ್ಲ.

ನಾಯಿಯ ಹೆಸರು ವಾಷರ್. ಎಡಗಣ್ಣಿನ ಸುತ್ತ ಬಿಳಿಯ ಉಂಗುರ, ಅಳತೆ ಮಾಡಿ ಕೂರಿಸಿದ ವಾಷರಿನ ಹಾಗೆ. ಮಿಕ್ಕಂತೆ ಕಂದು ಮೈ, ಬೀದಿ ಜಾತಿ. ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಶೆಡ್ಡಿಗೆ ಬಂತು, ಹಳೇ ಟಯರಿನೊಳಗೆ ಸುತ್ತಿಕೊಂಡು ಮಲಗಿತು, ಅಲ್ಲೇ ಉಳಿಯಿತು. ನಾನು ಬಿಟ್ಟರೆ ಅದಕ್ಕೆ ಬೇಕಾದವನು ಬಾಷಾ. ಬಾಷಾ ಲಗೇಜ್ ಆಟೋ ಇಟ್ಟುಕೊಂಡು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಲೋಡು ಹೊಡೆಯುತ್ತಿದ್ದ. ನಾಯಿ ಎಂಜಲು ತಗುಲಿದರೆ ನಮಾಜಿಗೆ ಮೊದಲು ಬಟ್ಟೆಯೆಲ್ಲ ಬದಲಾಯಿಸಬೇಕು ಅಂತ ಅವನು ವಾಷರನ್ನು ಮುಟ್ಟುತ್ತಿರಲಿಲ್ಲ. ಆದರೆ ದಿನಾ ಬನ್ನು ತಂದು ಎರಡು ಮಾರು ದೂರದಿಂದ ಎಸೆಯುತ್ತಿದ್ದ, ನಾಯಿ ಗಾಳಿಯಲ್ಲೇ ಹಿಡಿಯುತ್ತಿತ್ತು. ಅವರಿಬ್ಬರ ಸ್ನೇಹ ನಡೆದದ್ದು ಆ ಎರಡು ಮಾರಿನ ಅಂತರದಲ್ಲೇ.

ಒಂದು ಬೆಳಿಗ್ಗೆ ಶೆಡ್ಡಿನ ಸಿಮೆಂಟು ನೆಲದ ಮೇಲೆ ಕೆಂಪು ಹನಿ ಕಂಡಿತು. ನನ್ನ ಕಾಲು ನಿಂತಿತು. ಕೆಂಪಗೆ ಸೋರೋ ಎಣ್ಣೆ ದೊಡ್ಡ ಕಾರುಗಳಲ್ಲಿರುತ್ತದೆ ಅಂತ ಕೇಳಿದ್ದೆ, ನನ್ನ ಶೆಡ್ಡಿಗೆ ಬರೋ ಗಾಡಿಗಳಿಗೆ ಆ ಭಾಗ್ಯವಿರಲಿಲ್ಲ. ಬೆರಳಲ್ಲಿ ಒರೆಸಿ ಮೂಸಿದೆ. ರಕ್ತ. ನನ್ನ ಅಂಗಾಲು ನೋಡಿಕೊಂಡೆ, ಅಂಗೈ ನೋಡಿಕೊಂಡೆ. ಹನಿಯ ಜಾಡು ಹಿಡಿದು ಹೋದರೆ ಅದು ಟಯರಿನವರೆಗೆ ಹೋಗಿ ನಿಂತಿತ್ತು. ವಾಷರ್ ಒಳಗೆ ಕೂತು ತನ್ನ ಹಿಂಗಾಲುಗಳ ನಡುವೆ ನೆಕ್ಕಿಕೊಳ್ಳುತ್ತಿತ್ತು.

ನಾನು ಮಾಡಿದ್ದು ನನಗೆ ಗೊತ್ತಿದ್ದ ಕೆಲಸ. ಟಯರಿನೊಳಗೆ ರಟ್ಟು ಹಾಸಿದೆ. ಬೆಳಿಗ್ಗೆ ತೆಗೆದು, ಪೆನ್ಸಿಲಿನಿಂದ ಹನಿಗಳ ಸುತ್ತ ಗುಂಡಗೆ ಗೆರೆ ಎಳೆದು, ವಾರದ ಹೆಸರು ಬರೆದು, ಇನ್ನೊಂದು ಹಾಸಿದೆ. ಹೀಗೆ ಹತ್ತು ಹನ್ನೊಂದು ರಟ್ಟಾದವು. ನಾಯಿ ಕಾಲೆತ್ತಿದಾಗ ಹಿಂದೆ ನಿಂತು ಮೂತ್ರದ ಬಣ್ಣವನ್ನೂ ನೋಡಿದೆ. ಮೊದಲು ಕೆಂಪು ಹನಿ, ಆಮೇಲೆ ತಿಳಿ. ಇಷ್ಟೆಲ್ಲ ನೋಡಿ ನಾನು ಕಂಡುಹಿಡಿದದ್ದು: ಉಷ್ಣ.

ಉಷ್ಣ ಅಂದಮೇಲೆ ಮದ್ದು ಗಿರಿಜಳ ಕೈಗೆ ಹೋಯಿತು. ಬಾರ್ಲಿ ಗಂಜಿ, ಎಳನೀರು, ಜೀರಿಗೆ ನೆನೆಸಿದ ನೀರು. ವಾಷರ್ ಎಲ್ಲವನ್ನೂ ಮರ್ಯಾದೆಗೆ ಒಂದೊಂದು ಸಲ ನೆಕ್ಕಿ ನನ್ನ ಮುಖ ನೋಡಿತು. ಕೊನೆಗೆ ನಾನೇ ಅದರ ನೆತ್ತಿಗೆ ಹರಳೆಣ್ಣೆ ತಟ್ಟಿದೆ. ನನಗೆ ಉಷ್ಣವಾದಾಗ ಅಮ್ಮ ತಟ್ಟುತ್ತಿದ್ದಳಲ್ಲ, ನಾಯಿಗೂ ನೆತ್ತಿ ಇದೆಯಲ್ಲ. ಎಣ್ಣೆಯ ತಲೆಯನ್ನು ಅದು ಪಕ್ಕದ ಮರ ಕೊಯ್ಯೋ ಅಂಗಡಿಯ ಹೊಟ್ಟಿನಲ್ಲಿ ಹೊರಳಾಡಿಸಿಕೊಂಡು ಬಂತು. ಬಾಷಾ ನೋಡಿ, “ಏನು ಮೇಸ್ತ್ರಿ, ಕಡ್ಲೆಹಿಟ್ಟಲ್ಲಿ ಅದ್ದಿದೀಯಲ್ಲ, ಇನ್ನು ಎಣ್ಣೆಗೆ ಬಿಡೋದೊಂದು ಬಾಕಿ” ಅಂದ.

ಎರಡು ತಿಂಗಳು ಹೀಗೇ ಕಳೆಯಿತು. ಹನಿ ನಿಲ್ಲಲಿಲ್ಲ. ನೊಣ ಮುತ್ತತೊಡಗಿದವು, ಟಯರಿನ ಹತ್ತಿರ ಒಂಥರಾ ವಾಸನೆ. ನಾಯಿ ಬಡವಾಯಿತು. ಒಂದು ಮಧ್ಯಾಹ್ನ ನಾನು ರಟ್ಟುಗಳನ್ನು ಸಾಲಾಗಿ ಹರಡಿಕೊಂಡು ಬಾಷಾನಿಗೆ ವಿವರಿಸುತ್ತಿದ್ದೆ: ಇದು ಸೋಮವಾರ, ಆರು ಹನಿ, ಇದು ಗುರುವಾರ, ಒಂಬತ್ತು.

ಬಾಷಾ ಕೇಳಿದ. “ಎಲ್ಲಾ ಸರಿ. ಜಾಗ ನೋಡಿದ್ಯಾ?”

“ಯಾವ ಜಾಗ?”

“ಹನಿ ಬೀಳೋ ಜಾಗ ಮಾರಾಯ.”

ನಾನು ರಟ್ಟುಗಳನ್ನು ಜೋಡಿಸತೊಡಗಿದೆ. ಅವನು ಬಿಡಲಿಲ್ಲ. “ಲಾರಿ ಕೆಳಗೆ ಅಂಗಾತ ಮಲಗಿ ಎಲ್ಲೆಲ್ಲೋ ಕೈ ಹಾಕ್ತೀಯ. ಇಷ್ಟು ದಿನ ರಟ್ಟು ನೋಡಿದೀಯ, ಗಾಡಿ ನೋಡಿಲ್ವಾ? ಶರಮ್ ಆಗುತ್ತಾ?”

“ಹೆಂಗಸರು ಓಡಾಡೋ ರಸ್ತೆ ಬಾಷಾ.”

“ನಾಳೆ ಮಂಗಳವಾರ. ಶಿವಮೊಗ್ಗಕ್ಕೆ ಲೋಡು ಐತೆ. ಹಿಂದೆ ಹತ್ತಿಸು.”

ವಿದ್ಯಾನಗರದಲ್ಲಿ, ದೊಡ್ಡ ರಸ್ತೆಯಿಂದ ಒಂದು ತಿರುವು ಒಳಗೆ, ಮನೆಯ ಮುಂದಿನ ಕೋಣೆಯಲ್ಲೇ ಒಬ್ಬರು ಸಣ್ಣ ಪ್ರಾಣಿಗಳನ್ನು ನೋಡುತ್ತಿದ್ದರು. ದಾರಿಯುದ್ದಕ್ಕೂ ಸಿಮೆಂಟ್ ಮೂಟೆಗಳ ನಡುವೆ ನಾಯಿಯನ್ನು ಹಿಡಿದು ಕೂತು, ಡಾಕ್ಟರಿಗೆ ಹೇಗೆ ಹೇಳೋದು ಅಂತ ಮಾತು ಹೊಂದಿಸಿಕೊಂಡಿದ್ದೆ. ಗಂಡಸಲ್ಲವಾ, ಒಂದು ಸನ್ನೆಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ ಅಂತ. ಒಳಗೆ ಹೋದರೆ ಮೂವತ್ತರ ಆಸುಪಾಸಿನ ಹೆಂಗಸು, ತಲೆಗೂದಲನ್ನು ಪೆನ್ನು ಸಿಕ್ಕಿಸಿ ಕಟ್ಟಿಕೊಂಡಿದ್ದರು. ಹೊಂದಿಸಿದ ಮಾತೆಲ್ಲ ಕೈಬಿಟ್ಟಿತು.

“ಏನು ತೊಂದರೆ ಯಜಮಾನ್ರೇ?”

“ಅದು… ಲೀಕೇಜು ಮೇಡಂ.”

“ಎಲ್ಲಿಂದ?”

“ಕೆಳಗಡೆಯಿಂದ. ಸೈಲೆನ್ಸರ್ ಕಡೆ ಅಲ್ಲ, ಮುಂದುಗಡೆ.”

ಬಾಗಿಲಲ್ಲಿ ನಿಂತಿದ್ದ ಬಾಷಾ ಕೆಮ್ಮಿದ. ನಾನು ತಂದಿದ್ದ ರಟ್ಟಿನ ಕಟ್ಟನ್ನು ಮೇಜಿನ ಮೇಲಿಟ್ಟೆ. ಡಾಕ್ಟ್ರಮ್ಮ ಒಂದೊಂದನ್ನೇ ತಿರುಗಿಸಿ ನೋಡಿದರು. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಮಲಗಿದಾಗಲೂ ಬೀಳುತ್ತಾ ಅಂತ ಕೇಳಿದರು. ಬೀಳುತ್ತೆ ಅಂದೆ. ಮೂತ್ರ ಮಾಡುವಾಗ ಮೊದಲು ಕೆಂಪೋ, ಪೂರ್ತಿ ಕೆಂಪೋ ಅಂದರು. ಮೊದಲು ಕೆಂಪು, ಆಮೇಲೆ ತಿಳಿ, ಅಂದೆ.

“ಒಳ್ಳೇ ಕೆಲಸ ಮಾಡಿದೀರ. ಪೂರ್ತಿ ಕೆಂಪಾಗಿದ್ರೆ ಮೂತ್ರಕೋಶ, ಮೂತ್ರಪಿಂಡ ಅಂತ ಹುಡುಕ್ತಿದ್ದೆ. ಮೂತ್ರ ಮಾಡದೇ ಇರುವಾಗಲೂ ಹನಿ ಬೀಳುತ್ತೆ ಅಂದ್ರೆ ತೊಂದರೆ ಬಾಗಿಲ ಹತ್ರಾನೇ ಇರಬೇಕು. ಸರಿ, ಆ ಜಾಗ ನೀವು ನೋಡಿದಾಗ ಏನು ಕಾಣ್ತು?”

ನಾನು ನೆಲ ನೋಡಿದೆ. ಅವರಿಗೆ ಉತ್ತರ ಸಿಕ್ಕಿತು. ಕೈಗೆ ರಬ್ಬರ್ ಚೀಲ ಹಾಕಿಕೊಂಡು, ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಆ ಚರ್ಮದ ಒರೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. “ಬನ್ನಿ ಇಲ್ಲಿ. ಮುಖ ತಿರುಗಿಸಬೇಡಿ, ನೋಡಿ.”

ನೋಡಿದೆ. ಒರೆಯೊಳಗೆ, ಬುಡದ ಹತ್ತಿರ, ಹೂಕೋಸಿನ ಒಂದು ತುಣುಕು ಅಂಟಿಸಿದ ಹಾಗೆ ಗಡ್ಡೆ. ಹಸಿ ಮಾಂಸದ ಬಣ್ಣ. ಹತ್ತಿ ತಾಗಿದರೆ ಸಾಕು, ರಕ್ತ ಜಿನುಗುತ್ತಿತ್ತು. ಇಷ್ಟು ದೊಡ್ಡದು ಇಷ್ಟು ದಿನ ಅಲ್ಲೇ ಇತ್ತು, ನಾನು ನೆತ್ತಿಗೆ ಎಣ್ಣೆ ತಟ್ಟುತ್ತಿದ್ದೆ.

ಗಡ್ಡೆಯಿಂದ ಒಂಚೂರು ಒರೆಸಿ ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ ಒಣಗಿಸಿ, ಮೂಲೆಯಲ್ಲಿದ್ದ ಸೂಕ್ಷ್ಮದರ್ಶಕದಲ್ಲಿಟ್ಟು ಅವರು ಬಗ್ಗಿದರು. ನಾನು ಅಲ್ಲಾಡದೆ ನಿಂತಿದ್ದೆ. ನನ್ನ ಮುಖ ಹೇಗಿತ್ತೋ ಏನೋ, “ನೋಡ್ತೀರಾ?” ಅಂದರು. ಒಂದು ಕಣ್ಣು ಮುಚ್ಚೋದು, ಇನ್ನೊಂದನ್ನು ಎಲ್ಲಿಡೋದು ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಂಡಿತು. ಗುಂಡು ಗುಂಡಾದ ನೀಲಿ ಕಣಗಳು, ಒಂದರ ಪಕ್ಕ ಒಂದು. ಪ್ರತಿಯೊಂದರೊಳಗೂ ಸಾಬೂನು ನೊರೆಯ ಹಾಗೆ ಸಣ್ಣ ಸಣ್ಣ ಗುಳ್ಳೆ. ರೋಗ ಇಷ್ಟು ಚೆನ್ನಾಗಿ ಕಾಣುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಾಯಿ ಮಲಗಿದೆ, ಬಾಷಾನ ಲೋಡು ಕಾಯುತ್ತಿದೆ ಅನ್ನೋದೂ ಮರೆತು ನೋಡಿದೆ.

“ಇದು ಕೂಡುವಾಗ ನಾಯಿಯಿಂದ ನಾಯಿಗೆ ಹತ್ತೋ ಗಡ್ಡೆ,” ಅಂತ ಡಾಕ್ಟ್ರಮ್ಮ ವಿವರಿಸಿದರು. “ವಿಚಿತ್ರ ಏನು ಅಂದ್ರೆ, ಇದು ನಿಮ್ಮ ನಾಯಿಯ ಮಾಂಸವೇ ಅಲ್ಲ. ಇನ್ನೊಂದು ನಾಯಿಯ ಗಡ್ಡೆಯ ಕಣ ಇಲ್ಲಿಗೆ ಬಂದು ಅಂಟಿ ಬೆಳೆದಿರೋದು. ಆ ನಾಯಿಗೆ ಮತ್ತೊಂದರಿಂದ ಬಂದಿರುತ್ತೆ.”

ಬೇರೆ ಗಾಡಿಯ ತುಂಡೊಂದು ಉಜ್ಜಿಹೋಗಿ, ನಮ್ಮ ಗಾಡಿಗೆ ಹತ್ತಿಕೊಂಡು, ತಾನೇ ಬೆಳೆಯೋದು. ಆ ವಾರವೆಲ್ಲ ನಾನು ಇದನ್ನೇ ಯೋಚಿಸಿದೆ, ಶೆಡ್ಡಿಗೆ ಬಂದವರಿಗೆಲ್ಲ ಹೇಳಿದೆ. ಯಾರೂ ನಂಬಲಿಲ್ಲ.

ಔಷಧಿ ವಾರಕ್ಕೊಂದು ಇಂಜೆಕ್ಷನ್, ಐದಾರು ವಾರ. ನರಕ್ಕೇ ಹೋಗಬೇಕು, ಒಂದು ಹನಿ ಹೊರಗೆ ಚೆಲ್ಲಿದರೂ ಅಲ್ಲಿಯ ಮಾಂಸ ಸುಟ್ಟುಹೋಗುತ್ತದೆ. ಹಾಗಾಗಿ ಮುಂಗಾಲು ಹಿಡಿಯೋ ಕೆಲಸ ನನ್ನದು. “ವೈಸಿನ ದವಡೆಗೆ ಹಾಕಿದಂಗೆ ಹಿಡೀತೀನಿ ಮೇಡಂ” ಅಂದೆ. “ಅಷ್ಟು ಬೇಡ, ಮುರಿದುಹೋಗುತ್ತೆ” ಅಂದರು. ಸೂಜಿ ಹೊರಬಂದ ಮೇಲೆ, ನನ್ನ ಮನಸ್ಸು ಹಗುರವಾಗಲಿ ಅಂತಲೋ ಏನೋ ಇನ್ನೊಂದು ಮಾತು ಹೇಳಿದರು. “ಈ ಔಷಧಿ ಮೂಲದಲ್ಲಿ ಎಲ್ಲಿಂದ ಬರುತ್ತೆ ಗೊತ್ತಾ? ನಿತ್ಯಪುಷ್ಪದ ಗಿಡದಿಂದ. ಮನೆ ಮುಂದೆ ಬೆಳೆಯುತ್ತಲ್ಲ, ಅದೇ.”

ಮುಂದಿನ ಮಂಗಳವಾರಕ್ಕೆ ನನ್ನ ನಾಲಿಗೆ ಪೂರಾ ಸಡಿಲವಾಗಿತ್ತು. ಒರೆಯ ತುದಿಯಲ್ಲಿ ಆಗಾಗ ಹಳದಿ ಹಸಿರು ಗೀಜಿನ ಹಾಗೆ ಒಂಚೂರು ಕಾಣುತ್ತಲ್ಲ, ಅದೂ ರೋಗವಾ? ಅಲ್ಲವಂತೆ, ಗಂಡುನಾಯಿಗಳಲ್ಲಿ ಸ್ವಲ್ಪ ಇರೋದೇ, ಜಾಸ್ತಿಯಾದರೆ, ನಾತ ಬಂದರೆ, ಕೆಂಪಾದರೆ ನೋಡಬೇಕು. ಖುಷಿಯಾದಾಗ ಬುಡದಲ್ಲಿ ಗಂಟು ಉಬ್ಬುತ್ತಲ್ಲ? ಅದು ಹುಟ್ಟಿನಿಂದಲೇ ಇರೋದು, ಜೊತೆಯಾದಾಗ ನಾಯಿಗಳು ಬಿಡಿಸಿಕೊಳ್ಳಲಾಗದೆ ನಿಲ್ಲೋದು ಆ ಉಬ್ಬಿನಿಂದಲೇ. ತಾನಾಗಿ ಇಳಿಯೋವರೆಗೆ ಎಳೆಯಬಾರದು, ನೀರೆರಚಬಾರದು. ಹೊರಗೆ ಬಂದದ್ದು ಒಳಗೆ ಹೋಗದೆ ಒಣಗುತ್ತಿದ್ದರೆ ಮಾತ್ರ ಓಡಿ ಬರಬೇಕು. ಕ್ವಾರ್ಟರ್ಸ್ ಬೀದಿಯಲ್ಲಿ ಮೂರು ಭಾಷೆಯವರು ಕೊಡದ ಉತ್ತರವನ್ನು ಇವರು ಹತ್ತಿ ಉಂಡೆ ಮಾಡುತ್ತಾ ಕೊಟ್ಟರು. ವಾಸಿಯಾದ ಮೇಲೆ ಬೀಜ ತೆಗೆಸಿಬಿಡಿ, ಮತ್ತೆ ಅಲೆಯೋದು ಕಮ್ಮಿಯಾಗುತ್ತೆ ಅಂತಲೂ ಹೇಳಿದರು. ಬಾಷಾ ಆಟೋದ ಗಾಳಿ ನೋಡಬೇಕು ಅಂತ ಹೊರಗೆ ಹೋದ.

ಎರಡನೇ ಇಂಜೆಕ್ಷನ್ ಆಗಿ ನಾಲ್ಕು ದಿನಕ್ಕೆ ರಟ್ಟು ಬೋಳಾಗಿ ಬಂತು. ಒಂದು ಹನಿ ಇಲ್ಲ. ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಹೇಳೋದು ಕಷ್ಟ, ಆದರೂ ಹೇಳುತ್ತೇನೆ.

ನಮ್ಮ ಕಸುಬಿನಲ್ಲಿ ಒಂದು ದೊಡ್ಡಸ್ತಿಕೆ ಇದೆ. ಕಂಪನಿ ಸಾಮಾನಿಗೆ ಕಾಯೋನು ಮೇಸ್ತ್ರಿಯಲ್ಲ. ಗ್ಯಾಸ್ಕೆಟ್ ಸಿಗದಿದ್ದರೆ ರಟ್ಟು ಕತ್ತರಿಸಿ ಮಾಡುತ್ತೇನೆ, ಬುಷ್ ಸಿಗದಿದ್ದರೆ ಲೇತಿಗೆ ಹಾಕಿ ಕಡೆಸುತ್ತೇನೆ, ಅದು ಕಂಪನಿಯದಕ್ಕಿಂತ ಹೆಚ್ಚು ದಿನ ಬರುತ್ತದೆ. ಮೂರನೇ ಮಂಗಳವಾರ ಒಂದು ಟ್ರ್ಯಾಕ್ಟರು ಬಿಚ್ಚಿಕೊಂಡು ಕೂತಿದ್ದೆ, ಹೋಗಲಾಗಲಿಲ್ಲ. ಮನೆಗೆ ಬಂದರೆ ತುಳಸಿ ಕಟ್ಟೆಯ ಪಕ್ಕ ನಿತ್ಯಪುಷ್ಪ ಗುಲಾಬಿ ಬಣ್ಣದಲ್ಲಿ ತುಂಬಿ ನಿಂತಿತ್ತು. ಔಷಧಿಯ ಮೂಲವೇ ನನ್ನ ಅಂಗಳದಲ್ಲಿರುವಾಗ ವಿದ್ಯಾನಗರಕ್ಕೆ ಯಾಕೆ ಹೋಗಲಿ?

ಎಲೆ ಕೀಳೋದನ್ನು ನೋಡಿ ಗಿರಿಜ ಹೊರಗೆ ಬಂದಳು. “ಅದನ್ನ ಏನ್ಮಾಡ್ತೀರಿ?”

“ವಾಷರಿಗೆ. ಡಾಕ್ಟ್ರಮ್ಮನೇ ಹೇಳಿದಾರೆ, ಇಂಜೆಕ್ಷನ್ ಇದರಿಂದಲೇ ಅಂತ.”

“ಎಲೆ ಅರೆದು ಕುಡಿಸಿ ಅಂತ ಹೇಳಿದ್ರಾ?”

“ಅದನ್ನ ಬೇರೆ ಹೇಳ್ಬೇಕಾ ಮಾರಾಯ್ತಿ? ತಲೆ ಓಡಿಸ್ಬೇಕು.”

“ರೀ, ಬೀದಿ ದನ ನಮ್ಮ ಕನಕಾಂಬರ ತಿಂತು, ದಾಸವಾಳ ತಿಂತು, ತುಳಸಿಗೂ ಬಾಯಿ ಹಾಕ್ತು. ಇದೊಂದನ್ನ ಇವತ್ತಿನವರೆಗೂ ಮುಟ್ಟಿಲ್ಲ. ಯಾಕೆ ಅಂತ ಯೋಚನೆ ಮಾಡಿ.”

ದನಕ್ಕೇನು ಗೊತ್ತು ಅಂದೆ. ನಾಕು ಎಲೆಯಿಂದ ಶುರುಮಾಡಿ, ಬೆಲ್ಲ ಹಾಕಿ ಅರೆದು, ಅನ್ನಕ್ಕೆ ಕಲಸಿದೆ. ಎರಡನೇ ವಾರ ಹನ್ನೆರಡಕ್ಕೆ ಏರಿಸಿದೆ. ವಾಷರ್ ನಾನು ಕೊಟ್ಟದ್ದು ಅಂತ ತಿಂತು. ಆಮೇಲಾಮೇಲೆ ತಿಂದ ಅರ್ಧ ಗಂಟೆಗೆ ವಾಂತಿ ಮಾಡತೊಡಗಿತು. ಒಳಗಿನ ಕೊಳೆ ಹೋಗ್ತಿದೆ ಅಂದುಕೊಂಡೆ. ಆ ವಾರದ ಐದನೇ ದಿನಕ್ಕೆ ಬಾಷಾ ಎಸೆದ ಬನ್ನು ಅದರ ಮೂಗಿಗೆ ತಾಗಿ ಕೆಳಗೆ ಬಿತ್ತು. ನಾಯಿ ಬಗ್ಗಿ ಅದನ್ನು ನೋಡಲಿಲ್ಲ. ಟಯರಿನೊಳಗಿನ ರಟ್ಟಿನ ಮೇಲೆ ಮತ್ತೆ ಮೂರು ಕೆಂಪು ಹನಿ.

ಬಾಷಾನಿಗೆ ಎಲೆಯ ವಿಷಯ ಹೇಳಿದೆ. ಅವನು ಆಟೋದ ಹಿಂದಿನ ಹಲಗೆ ಇಳಿಸಿ, “ಹತ್ತಿಸು” ಅಂದ. ಆವತ್ತು ಲೋಡಿರಲಿಲ್ಲ, ಬರೀ ನಾಯಿ. ದಾರಿಯಲ್ಲಿ ಕನ್ನಡಿಯಲ್ಲಿ ನನ್ನ ಮುಖ ನೋಡಿ ಹೇಳಿದ, “ಊರಲ್ಲಿ ಕಾರ್ಯ ಇತ್ತು, ಅದಕ್ಕೆ ಬರಲಿಲ್ಲ ಅನ್ನು. ಎಲೆ ಗಿಲೆ ತೆಗೀಬೇಡ. ಓದಿದೋರ ಮುಂದೆ ಇಜ್ಜತ್ ಕಳ್ಕೋಬೇಡ.”

ನನಗೂ ಅದೇ ಬೇಕಿತ್ತು. ರಟ್ಟು ನೋಡಿ ಒಳ್ಳೇ ಕೆಲಸ ಅಂದವರು ಅವರು, ಆ ಗಾಜಿನೊಳಗೆ ನೋಡಲು ಬಿಟ್ಟವರು. ಅವರ ಕಣ್ಣಲ್ಲಿ ದಡ್ಡನಾಗಲು ನನಗೆ ಮನಸ್ಸಿರಲಿಲ್ಲ.

“ಎರಡು ವಾರ ಯಾಕೆ ಬಿಟ್ರಿ?”

“ಊರಲ್ಲಿ ಕಾರ್ಯ ಇತ್ತು ಮೇಡಂ.”

ಅವರು ಒರೆ ಸರಿಸಿ ನೋಡಿದರು. ಗಡ್ಡೆ ಕಡಲೆಕಾಳಿನಷ್ಟಾಗಿತ್ತು, ಆದರೆ ಹೋಗಿರಲಿಲ್ಲ. ಹನಿ ನಿಂತಿತು ಅಂದರೆ ಗಡ್ಡೆ ಹೋಯಿತು ಅಂತಲ್ಲ, ಮಧ್ಯದಲ್ಲಿ ಬಿಟ್ಟರೆ ಉಳಿದದ್ದು ಹಟ ಹಿಡಿಯುತ್ತೆ ಅಂದರು. “ಸೊರಗಿದಾನಲ್ಲ. ಊಟ?”

“ಸ್ವಲ್ಪ ಕಮ್ಮಿ.”

“ಈ ಔಷಧಿಗೆ ಅದು ಇದ್ದದ್ದೇ. ಬೇರೆ ಏನಾದ್ರೂ ಕೊಟ್ರಾ?”

“ಇಲ್ಲ.”

ಅವರು ಸಣ್ಣ ಬಾಟಲಿಯಿಂದ ಸಿರಿಂಜಿಗೆ ಔಷಧಿ ಎಳೆದರು. ನಾನು ಕಾಲು ಹಿಡಿಯಲು ಬಗ್ಗಿದೆ. ವಾಷರಿಗೆ ಆ ಮೇಜು ಅಭ್ಯಾಸವಾಗಿತ್ತು. ನಾನು ಮುಟ್ಟುವ ಮೊದಲೇ ಮುಂಗಾಲನ್ನು ತಾನೇ ಚಾಚಿತು. ಗಿಡದೊಳಗಿನದೇ ಔಷಧಿ ಸಿರಿಂಜಿನಲ್ಲೂ ಇದೆ, ಹೊಟ್ಟೆಯಲ್ಲಾಗಲೇ ಹನ್ನೆರಡು ದಿನದ್ದಿದೆ, ಇದರ ಮೇಲೆ ಅದೂ ಹೋದರೆ? ಈ ಲೆಕ್ಕ ಹಾಕಲು ಓದಿರಬೇಕಾಗಿರಲಿಲ್ಲ. ಸೂಜಿ ರೋಮದ ಹತ್ತಿರ ಬಂದಿತ್ತು.

“ಮೇಡಂ, ಹಾಕಬೇಡಿ. ಸುಳ್ಳು ಹೇಳಿದೆ.”

ಅವರ ಕೈ ನಿಂತಿತು. ನಾನು ಎಲ್ಲ ಹೇಳಿದೆ. ತುಳಸಿ ಕಟ್ಟೆ, ಬೆಲ್ಲ, ದನ ಮುಟ್ಟದ್ದು, ವಾಂತಿ. ಅವರು ಸೂಜಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. “ಎಷ್ಟು ಎಲೆ?”

“ಮೊದಲನೇ ವಾರ ದಿನಕ್ಕೆ ನಾಕು. ಈ ವಾರ ಹನ್ನೆರಡು, ಐದು ದಿನ. ಎಳೇದಲ್ಲ, ಬಲಿತದ್ದು. ಒಂದೊಂದು ಎರಡು ಇಂಚು ಉದ್ದ, ಒಂದಿಂಚಿಗೆ ಸ್ವಲ್ಪ ಕಮ್ಮಿ ಅಗಲ. ತೊಟ್ಟು ತೆಗೆದು ಹಾಕಿದೀನಿ.”

ಅವರು ನನ್ನನ್ನೇ ನೋಡಿದರು. ವಿಷ ಹಾಕಿದವರಲ್ಲಿ ಇಷ್ಟು ಸರಿಯಾಗಿ ಅಳತೆ ಕೊಟ್ಟವರು ಯಾರೂ ಇಲ್ಲ ಅಂದರು. ಆ ಸ್ಥಿತಿಯಲ್ಲೂ ನನಗೆ ಒಳಗೊಳಗೇ ಒಂಚೂರು ಹೆಮ್ಮೆಯಾಯಿತು, ನೋಡಿ, ಮನುಷ್ಯನ ಬುದ್ಧಿ.

“ಗಾಡಿಗಟ್ಟಲೆ ಎಲೆ ಸೋಸಿದ್ರೆ ಚಿಟಿಕೆ ಔಷಧಿ ಸಿಗೋದು. ಎಲೇಲಿ ಅದೊಂದೇ ಅಲ್ಲ, ಇನ್ನೂ ಎಷ್ಟೋ ಇದಾವೆ. ಅವೆಲ್ಲ ಇವನ ಹೊಟ್ಟೇಲಿದೆ ಈಗ. ನಿಮ್ಮ ಶೆಡ್ಡಿಗೆ ಒಬ್ಬ ಇಂಜಿನ್ನು ಅರ್ಧ ಬಿಚ್ಚಿ ತಂದು, ನಾನೇನೂ ಮುಟ್ಟಿಲ್ಲ ಅಂದ್ರೆ ಏನ್ಮಾಡ್ತೀರಿ?”

“ಬೈತೀನಿ ಮೇಡಂ.”

“ಬೈದೆ ಅಂದ್ಕೊಳ್ಳಿ. ಹಿಡ್ಕೊಳ್ಳಿ ಕಾಲು, ಗ್ಲೂಕೋಸ್ ಹಾಕ್ತೀನಿ. ಬದುಕ್ತಾನೆ ಅಂತ ಇವತ್ತು ಹೇಳಲ್ಲ.”

ಮೂರು ದಿನ ನಾಯಿಯನ್ನು ಅಲ್ಲೇ ವರಾಂಡದಲ್ಲಿ ಇಟ್ಟುಕೊಂಡರು. ನಾನು ಶೆಡ್ಡಿನ ಬಾಗಿಲೆಳೆದು ದಿನಾ ಬಂದು ಪಕ್ಕದಲ್ಲಿ ಕೂತೆ. ನಲವತ್ತು ದಾಟಿದ ಮೇಲೆ ನಾನು ಕೆಲಸವಿಲ್ಲದೆ ಹಗಲು ಕೂತದ್ದು ಆ ಮೂರು ದಿನವೇ. ಬಾಟಲಿಯ ಹನಿ ಬೀಳೋದನ್ನು ನೋಡಿದೆ. ನೋಡುವುದೊಂದನ್ನು ಬಿಟ್ಟು ಬೇರೇನೂ ಮಾಡಬಾರದು ಅಂತ ಅಪ್ಪಣೆಯಾಗಿತ್ತು. ಮೂರನೇ ದಿನ ಮಧ್ಯಾಹ್ನ ವಾಷರ್ ಗಂಜಿ ನೆಕ್ಕಿತು, ಉಳಿಸಿಕೊಂಡಿತು. ಗಿರಿಜ ಆವತ್ತಿನಿಂದ ಬೀದಿ ದನಕ್ಕೆ ಬಾಳೆಹಣ್ಣು ಕೊಡತೊಡಗಿದಳು.

ರಕ್ತ ಪರೀಕ್ಷೆ ಮಾಡಿ, ಹದಿನೈದು ದಿನ ಸುಧಾರಿಸಲು ಬಿಟ್ಟು, ಆಮೇಲೆ ಮತ್ತೆ ಮಂಗಳವಾರಗಳು ಶುರುವಾದವು. ಒಂದನ್ನೂ ತಪ್ಪಿಸಲಿಲ್ಲ. ಪ್ರತಿ ಸಲ ಸೂಜಿಗೆ ಮೊದಲು ಒರೆ ಸರಿಸಿ ನೋಡೋ ಕೆಲಸ ನನಗೇ ಕೊಟ್ಟರು. ರಬ್ಬರ್ ಚೀಲ ನನ್ನ ಕೈಗೆ ಬಿಗಿಯಾಗುತ್ತಿತ್ತು. ಕಡಲೆಕಾಳು ಸಾಸಿವೆಯಾಯಿತು, ಸಾಸಿವೆ ಒಂದು ಗುಲಾಬಿ ಕಲೆಯಾಯಿತು. ಕೊನೆಯ ಇಂಜೆಕ್ಷನ್ ಆಗಿ ಒಂದು ತಿಂಗಳು ಬಿಟ್ಟು ತೋರಿಸಲು ಹೋದಾಗ ಕಲೆಯೂ ಇರಲಿಲ್ಲ. “ನೀವೇ ಹೇಳಿ” ಅಂದರು ಡಾಕ್ಟ್ರಮ್ಮ. ಬುಡದಿಂದ ತುದಿಯವರೆಗೆ, ಸುತ್ತಲೂ ನೋಡಿ, ಇಲ್ಲ ಅಂದೆ. ಅವರೂ ಒಂದು ಸಲ ನೋಡಿ, ಸರಿ ಅಂದರು.

ಹೊರಗೆ ಬಂದೆವು. ಹಗ್ಗ ಬಿಟ್ಟ ಕೂಡಲೆ ವಾಷರ್ ಗೇಟಿನ ಕಂಬವನ್ನು ಮೂಸಿ, ಒಂದು ಸುತ್ತು ಬಂದು, ಹಿಂಗಾಲು ಎತ್ತಿತು. ನಾನು ಬಗ್ಗಿದೆ. ಬಾಷಾ ಆಟೋದಿಂದಿಳಿದು ಬಂದು, ಎರಡು ಮಾರು ದೂರದಲ್ಲೇ ಮೊಣಕಾಲ ಮೇಲೆ ಕೈಯೂರಿ ಬಗ್ಗಿದ. ಮೆಟ್ಟಿಲ ಮೇಲಿದ್ದ ಡಾಕ್ಟ್ರಮ್ಮ ಕನ್ನಡಕ ಸರಿಮಾಡಿಕೊಂಡು ಅವರೂ ಬಗ್ಗಿದರು. ಮೊದಲ ಹನಿ ತಿಳಿ. ನಡುವೆ ತಿಳಿ. ಎದುರುಮನೆಯ ಹೆಂಗಸು ರಂಗೋಲಿ ಡಬ್ಬಿ ಹಿಡಿದು ಬಂದವರು, ಹಾಡುಹಗಲು ವಿದ್ಯಾನಗರದ ರಸ್ತೆಯಲ್ಲಿ ಮೂರು ಜನ ದೊಡ್ಡವರು ಒಂದು ನಾಯಿಯ ಕಾಲ ಸಂದಿ ನೋಡುತ್ತಾ ನಿಂತದ್ದನ್ನು ಕಂಡು, ಬಂದ ಹಾಗೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಮ್ಮಲ್ಲಿ ಯಾರೂ ತಲೆ ಎತ್ತಲಿಲ್ಲ, ಕೊನೆಯ ಹನಿ ಇನ್ನೂ ಬಾಕಿ ಇತ್ತು. ವಾಷರ್ ಆತುರ ಮಾಡಲಿಲ್ಲ.

“ಸಾಫ್ ಐತೆ ಮೇಸ್ತ್ರಿ” ಅಂದ ಬಾಷಾ.